13 ತಿಂಗಳು ತಡವಾಗಿ ಬಂದ ಬಾವುಟ

ಆಗಸ್ಟ್ 15ರ ಲಾಡು ತಿಂದು ತಿಂಗಳಾಗುವಷ್ಟರಲ್ಲಿ ಕಲಬುರಗಿಯಲ್ಲಿ ಮತ್ತೊಮ್ಮೆ ಬಾವುಟ ಏರುತ್ತದೆ. ಸೆಪ್ಟೆಂಬರ್ 17. ಬೀದರ್, ಯಾದಗಿರಿಯಲ್ಲೂ ಅಷ್ಟೇ. ವರ್ಗವಾಗಿ ಹೊಸದಾಗಿ ಬಂದವರು ‘ಇದೇನು, ನಿಮಗೆ ಎರಡು ಸ್ವಾತಂತ್ರ್ಯ ದಿನವಾ?’ ಎಂದು ನಗುತ್ತಾರೆ. ಒಂದು ಲೆಕ್ಕದಲ್ಲಿ ಹೌದು. ದೆಹಲಿಗೆ ಬಂದ ಸ್ವಾತಂತ್ರ್ಯ ನಮ್ಮೂರಿಗೆ ಬರಲು 13 ತಿಂಗಳು ಹಿಡಿಯಿತು.

ಆಗ ನಾವಿದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಗುಲ್ಬರ್ಗಾ, ಬೀದರ್, ರಾಯಚೂರು ಅದರ ಕನ್ನಡ ಜಿಲ್ಲೆಗಳು, ಯಾದಗಿರಿ ಗುಲ್ಬರ್ಗಾದೊಳಗಿತ್ತು. ಮನೆಮಾತು ಕನ್ನಡವಾದರೂ ಸರ್ಕಾರದ ಭಾಷೆ ಉರ್ದು. ಬ್ರಿಟಿಷರು ಹೊರಟಾಗ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ಹಾಗಾಗಿ 1947ರ ಆಗಸ್ಟ್ 15ರಂದು ತ್ರಿವರ್ಣ ಹಾರಿಸುವುದು ಇಲ್ಲಿ ಅಪರಾಧವಾಗಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಜೈಲು ಸೇರಿದ್ದೂ ಆಗಲೇ. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. 1952ರಲ್ಲಿ ಗುಲ್ಬರ್ಗಾದ ಜನ ಅವರನ್ನೇ ಲೋಕಸಭೆಗೆ ಕಳಿಸಿದರು.

1947ರ ನವೆಂಬರ್‌ನಲ್ಲಿ ಭಾರತ ಮತ್ತು ನಿಜಾಮರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದದ ಮೇಲೆ ಯಥಾಸ್ಥಿತಿ, ಊರುಗಳಲ್ಲಿ ಭಯ. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರು, ಹಳ್ಳಿ ಹಳ್ಳಿಗೆ ನುಗ್ಗತೊಡಗಿದರು. ಎಷ್ಟೋ ಜನ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಹತ್ತಿರದ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಬೀದರ್ ಕಡೆಯವರು ಇವತ್ತಿಗೂ ಮರೆತಿಲ್ಲ. ಅಲ್ಲಿನ ಹುತಾತ್ಮರ ಸ್ಮಾರಕ ಉದ್ಘಾಟನೆಯಾಗಿದ್ದು ಮಾತ್ರ 2023ರಲ್ಲಿ.

ಕೊನೆಗೆ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. ಸೇನೆಯವರ ಹೆಸರಲ್ಲಿ ಅದು ಆಪರೇಷನ್ ಪೋಲೋ. ಟ್ಯಾಂಕು, ವಿಮಾನ ಎಲ್ಲ ಇದ್ದರೂ ಸರ್ಕಾರ ಅದನ್ನು ಯುದ್ಧ ಎನ್ನಲಿಲ್ಲ, ‘ಪೊಲೀಸ್ ಆಕ್ಷನ್’ ಎಂದಿತು. ಕಾರಣವಿತ್ತು. ನಿಜಾಮರು ವಿಶ್ವಸಂಸ್ಥೆಗೆ ದೂರು ಕೊಟ್ಟಿದ್ದರು. ಭಾರತಕ್ಕೆ ಇದು ಮನೆಯೊಳಗಿನ ವಿಷಯ ಎಂದು ತೋರಿಸಬೇಕಿತ್ತು. ಐದೇ ದಿನ. 17ರಂದು ನಿಜಾಮರು ಶರಣಾದರು.

ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಕತೆ ಮುಗಿಯುವುದಿಲ್ಲ. ಆಮೇಲಿನ ವಾರಗಳಲ್ಲಿ ಸೇಡಿನ ಹೆಸರಲ್ಲಿ ಸಾವಿರಾರು ಮುಸ್ಲಿಮರ ಕೊಲೆಯಾಯಿತು. ನೆಹರೂ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರ್ ಎರಡೂ ಇದ್ದವು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಗೋರಟಾವನ್ನು ನೆನೆಯುವ ದಿನ ಇವರನ್ನೂ ನೆನೆದರೆ ಹಬ್ಬದ ತೂಕ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಎರಡೂ ಕಡೆಯವರು ನಮ್ಮೂರಿನವರೇ ಅಲ್ವಾ?

ಇನ್ನೊಂದು ತಮಾಷೆ. ನಿಜಾಮರು ಎಲ್ಲೂ ಓಡಿಹೋಗಲಿಲ್ಲ. 1950ರಿಂದ 1956ರವರೆಗೆ ಅವರೇ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು, ಅಂದರೆ ರಾಜ್ಯಪಾಲರಂಥ ಹುದ್ದೆ. 1956ರ ನವೆಂಬರ್ 1ಕ್ಕೆ ಆ ರಾಜ್ಯವೇ ಒಡೆದು, ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ನಮ್ಮ ಭಾಗಕ್ಕೆ ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ಅಂಟಿಕೊಂಡಿತು. ಹಿಂದುಳಿದದ್ದೂ ಅಂಟಿಕೊಂಡಿತು ಅನ್ನಿ. ನೌಕರಿ, ಸೀಟುಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು 98ನೇ ತಿದ್ದುಪಡಿಯಿಂದ, ಅದೂ ದೊಡ್ಡ ಹೋರಾಟ ಆದ ಮೇಲೆ.

ದಿನದ ಹೆಸರೂ ಬದಲಾಗುತ್ತ ಬಂತು. ಮೊದಲು ‘ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ’. 2019ರ ಸೆಪ್ಟೆಂಬರ್ 17ಕ್ಕೆ ಈ ಭಾಗ ‘ಕಲ್ಯಾಣ ಕರ್ನಾಟಕ’ ಆಯಿತು. ದಿನ ‘ಕಲ್ಯಾಣ ಕರ್ನಾಟಕ ಉತ್ಸವ’ವಾಯಿತು. ಹೈದರಾಬಾದೂ ಹೋಯಿತು, ವಿಮೋಚನೆಯೂ ಹೋಯಿತು. ಪಕ್ಕದ ಮರಾಠವಾಡಾದಲ್ಲಿ ಇದೇ ದಿನ ‘ಮುಕ್ತಿ ಸಂಗ್ರಾಮ ದಿನ’. ತೆಲಂಗಾಣದಲ್ಲಂತೂ ಕೇಂದ್ರದ್ದು ಒಂದು ಹೆಸರು, ರಾಜ್ಯದ್ದು ಇನ್ನೊಂದು.

ಹಳ್ಳಿಯ ಹಿರಿಯರಿಗೆ ಈ ಯಾವ ಹೆಸರೂ ರೂಢಿಯಾಗಿಲ್ಲ. ವಯಸ್ಸು ಕೇಳಿದರೆ ಇಸವಿ ಹೇಳುವುದಿಲ್ಲ. ‘ಪೊಲೀಸ್ ಆಕ್ಷನ್ ಆದಾಗ ನಾನು ಇಷ್ಟುದ್ದ ಇದ್ದೆ’ ಎಂದು ಕೈಯಲ್ಲಿ ಎತ್ತರ ತೋರಿಸುತ್ತಾರೆ.