ಎರಡು ಭಾಷೆ ಕೇಳಿದರೆ ಕೂಸಿಗೆ ಗೊಂದಲವೇ?

ಪ್ರಶ್ನೆ: ನಮ್ಮ ಮಗು ದಿನ ತುಂಬದೆ, 32ನೇ ವಾರದಲ್ಲಿ ಹುಟ್ಟಿದೆ. ನಾನು ಕಾರವಾರದವಳು, ಮನೆಮಾತು ಕೊಂಕಣಿ. ಗಂಡನ ಮನೆ ಶಿರಸಿ, ಅಲ್ಲಿ ಕನ್ನಡ. ಎರಡೂ ಕಿವಿಗೆ ಬಿದ್ದರೆ ಎಳೆಯ ಮಿದುಳಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎನ್ನುತ್ತಾರೆ. ಒಂದೇ ಭಾಷೆ ಆಡಬೇಕೇ?

ಉತ್ತರ: ಬೇಡ. ನಿಮ್ಮದು ನೀವಾಡಿ, ಅವರದು ಅವರಾಡಲಿ.

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಂದೇ ಮಾತಿನ ಊರಿನವರು ಕೇಳಿದ್ದರೆ ಒಪ್ಪಬಹುದಿತ್ತು. ಮೀನುಪೇಟೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಕನ್ನಡ, ನೆಂಟರ ಮನೆಯಲ್ಲಿ ಮರಾಠಿ ಆಡುತ್ತ ಬೆಳೆದ ಜಿಲ್ಲೆಯವರೇ ಕೇಳುತ್ತಾರಲ್ಲ! ನಿಮಗಾಗದ ಗೊಂದಲ ನಿಮ್ಮ ಮಗುವಿಗೇಕೆ ಆಗಬೇಕು?

ಮೊದಲು ಕಿವಿಯ ವಿಷಯ. ಸುಮಾರು 25ನೇ ವಾರದ ಹೊತ್ತಿಗೇ ಅದು ಕೆಲಸ ಶುರು ಮಾಡುತ್ತದೆ. ಗರ್ಭದೊಳಗೆ ಕೇಳುವುದು ಮುಚ್ಚಿದ ಬಾಗಿಲಾಚೆಯ ಮಾತಿನ ಹಾಗೆ: ಪದ ಬಿಡಿಸಲಾಗದು, ಏರಿಳಿತ ಮತ್ತು ಲಯ ಮಾತ್ರ ದಾಟಿ ಬರುತ್ತವೆ. 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ 28ರಿಂದ 32 ವಾರಕ್ಕೇ ಹುಟ್ಟಿದ ಮಕ್ಕಳ ತಲೆಗೆ ಬೆಳಕಿನ ಕಿರಣ ಹಾಯಿಸಿ ಮಿದುಳಿನ ರಕ್ತಸಂಚಾರ ಅಳೆದರು. ‘ಬ’ ಎನ್ನುತ್ತಿದ್ದ ಧ್ವನಿ ‘ಗ’ ಎಂದಾಗ, ಗಂಡುದನಿ ಹೋಗಿ ಹೆಣ್ಣುದನಿ ಬಂದಾಗ, ಆ ಮಿದುಳುಗಳು ವ್ಯತ್ಯಾಸ ಹಿಡಿದವು. ಮಿದುಳಿನ ಪದರಗಳು ಇನ್ನೂ ಕಟ್ಟಿಕೊಳ್ಳುತ್ತಿರುವ ವಯಸ್ಸು ಅದು!

ಇನ್ನು ಗೊಂದಲದ ಕಥೆ. ಇಂಗ್ಲಿಷ್ ಮತ್ತು ಫಿಲಿಪ್ಪೀನ್ಸಿನ ಟಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ಹಸುಗೂಸುಗಳ ಮೇಲೆ ನಡೆದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಕೂಸಿನ ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟು, ಮಾತು ಕೇಳಿಸುತ್ತ, ಎಷ್ಟು ಚೀಪುತ್ತದೆ ಎಂದು ಎಣಿಸಿದರು. ಬರೀ ಇಂಗ್ಲಿಷ್ ಕೇಳಿದ್ದ ಕೂಸುಗಳು ಇಂಗ್ಲಿಷಿಗೆ ಹೆಚ್ಚು ಚೀಪಿದವು. ಎರಡು ಭಾಷೆಯ ಮನೆಯವು ಎರಡಕ್ಕೂ ಸಮನಾಗಿ ಚೀಪಿದವು. ‘ಹಾಗಾದರೆ ಎರಡೂ ಒಂದೇ ಎಂದುಕೊಂಡಿರಬೇಕು’ ಎನ್ನುವವರಿಗೂ ಅಲ್ಲೇ ಉತ್ತರವಿದೆ. ಒಂದೇ ಭಾಷೆ ಕೇಳಿಸುತ್ತ ಹೋದಾಗ ಬೇಸತ್ತು ಚೀಪುವುದು ಕಡಿಮೆಯಾಯಿತು. ಭಾಷೆ ಬದಲಿಸಿದೊಡನೆ ಮತ್ತೆ ಚುರುಕಾಯಿತು. ಎರಡೂ ಬೇರೆ ಎಂದು ಗೊತ್ತಿರದಿದ್ದರೆ ಚುರುಕಾಗುತ್ತಿತ್ತೇ?

ಆದರೂ ಈ ನಂಬಿಕೆ ಸಾಯುವುದಿಲ್ಲ. ಎರಡು ವರ್ಷದ ಮಗು ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ನೀರು ಕೇಳಿದರೆ ‘ನೋಡಿ, ಕಲಸಿಹೋಯಿತು’ ಎನ್ನುತ್ತಾರೆ. ಶಿರಸಿಯ ಅಜ್ಜಿ ಕನ್ನಡ ಪದಗಳನ್ನಷ್ಟೇ ಲೆಕ್ಕ ಹಾಕಿ ಮಗು ಹಿಂದಿದೆ ಎನ್ನುತ್ತಾರೆ. ಕಾರವಾರದ ಅಜ್ಜಿಯ ಲೆಕ್ಕವನ್ನೂ ಕೂಡಿಸಿ ನೋಡಿ. ಅಂದ ಹಾಗೆ, ವಯಸ್ಸನ್ನೂ ಹುಟ್ಟಿದ ದಿನದಿಂದ ಎಣಿಸಬೇಡಿ. ನಿಮ್ಮ ಮಗು ಎರಡು ತಿಂಗಳು ಮುಂಚೆ ಬಂದಿದೆ. ಮೊದಲ ಹುಟ್ಟುಹಬ್ಬಕ್ಕೆ ಅದರಿಂದ ಹತ್ತು ತಿಂಗಳ ಮಗುವಿನ ಮಾತನ್ನಷ್ಟೇ ನಿರೀಕ್ಷಿಸಿ.

ಗಾಜಿನ ಪೆಟ್ಟಿಗೆಯ ಪಕ್ಕ ಮೊಬೈಲಿನಲ್ಲಿ ಶ್ಲೋಕ ಹಚ್ಚಿಟ್ಟರೆ ಸಾಕು ಎಂದುಕೊಳ್ಳಬೇಡಿ. ಮೆಲುದನಿಯಲ್ಲಿ ನೀವೇ ಮಾತಾಡಿ. ಕೂಸು ಮುಖ ತಿರುಗಿಸಿದರೆ, ಬೆರಳುಗಳನ್ನು ಬಿರಿದು ಚಾಚಿದರೆ, ಬಿಕ್ಕಳಿಸಿದರೆ ಸಾಕಾಗಿದೆ ಎಂದರ್ಥ, ಸುಮ್ಮನಾಗಿ.

ನೀವು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ, ಕೇಳಬೇಕಾಗಿದ್ದುದೇ ಅದು: ಕಿವಿಯ ಪರೀಕ್ಷೆ ಆಗಿದೆಯೇ? ದಿನ ತುಂಬದ ಮಕ್ಕಳಲ್ಲಿ ಶ್ರವಣದೋಷದ ಅಪಾಯ ಹೆಚ್ಚು. ತೀವ್ರ ಕಾಮಾಲೆ, ಕೆಲವು ಆ್ಯಂಟಿಬಯಾಟಿಕ್‌ಗಳೂ ಅದಕ್ಕೆ ಕಾರಣವಾಗುತ್ತವೆ. ಚಪ್ಪಾಳೆ ತಟ್ಟಿದಾಗ ಬೆಚ್ಚಿತು ಎಂಬುದು ಪರೀಕ್ಷೆಯಲ್ಲ. ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಶ್ರವಣನರದ ಪ್ರತಿಕ್ರಿಯೆ ಅಳೆಯುವ ಪರೀಕ್ಷೆಯೇ ಬೇಕು, ಅದೂ ಮೊದಲ ತಿಂಗಳೊಳಗೆ. ಮಗು ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ ಬಿಡುಗಡೆಗೆ ಮುಂಚೆ ಮಾಡಿಸಿ. ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತವಾಗಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಬಿಡುಗಡೆಯ ಕಾಗದದಲ್ಲಿ ಆ ಸಾಲು ಇಲ್ಲದಿದ್ದರೆ ನಾಳೆಯೇ ವೈದ್ಯರನ್ನು ಕೇಳಿ.