ಪದ ಪರಿಚಯ: ‘ಫಲಿತಾಂಶ’

ಬಾಯಿಯ ಕ್ಯಾನ್ಸರಿಗಾಗಿ ದವಡೆಯ ಮೂಳೆಯನ್ನು ತೆಗೆಸಿ, ಕಾಲಿನ ಮೂಳೆಯಿಂದ ಹೊಸ ದವಡೆ ಕಟ್ಟಿಸಿಕೊಂಡವರೊಬ್ಬರು ಹನ್ನೆರಡನೆಯ ದಿನ ಮನೆಗೆ ಮರಳಿದರೆಂದೂ ‘ಫಲಿತಾಂಶ ಶೇ. 100’ ಎಂದೂ ಸಾರುವ ಪ್ರಕಟಣೆಯೊಂದನ್ನು ಈಚೆಗೆ ಮಂಗಳೂರಿನಲ್ಲಿ ಓದಿದೆ. ಇಂಥದ್ದು ನನ್ನ ಕಣ್ಣಿಗೆ ಬಿದ್ದದ್ದು ಈ ವರ್ಷ ನಾಲ್ಕನೆಯ ಸಲ. ವೈದ್ಯರ ಕೈಚಳಕದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಪದದ ಬಗ್ಗೆ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ‘ಫಲಿತಾಂಶ’ ಎಂದೊಡನೆ ನೆನಪಾಗುವುದು ಪಿಯುಸಿ. ಮೊದಲ ಸ್ಥಾನ ನಮಗೋ ಪಕ್ಕದ ಜಿಲ್ಲೆಗೋ ಎಂದು ಎರಡೂ ಕಡೆಯವರು ಕಾಯುವ ಆ ಫಲಿತಾಂಶಕ್ಕೆ ಒಂದು ದಿನಾಂಕವಿರುತ್ತದೆ, ಒಂದು ಅಂಕಿಯಿರುತ್ತದೆ, ಸಂಜೆಯೊಳಗೆ ಎಲ್ಲವೂ ಇತ್ಯರ್ಥವಾಗುತ್ತದೆ. ಈ ರೂಢಿಯನ್ನೇ ನಾವು ಆಸ್ಪತ್ರೆಯೊಳಕ್ಕೂ ಕೊಂಡೊಯ್ದಿದ್ದೇವೆ. ಬಿಡುಗಡೆಯ ದಿನವೇ ಫಲಿತಾಂಶದ ದಿನವೆಂದು ಬರೆಯುವವರು ನಂಬಿದ್ದಾರೆ, ಓದುವವರೂ ನಂಬುತ್ತಾರೆ.

ಪದವನ್ನೇ ಬಿಡಿಸಿ ನೋಡಬಹುದು. ಸಂಸ್ಕೃತದ ‘ಫಲ್’ ಧಾತುವಿಗೆ ಬಿರಿಯುವುದು ಎಂಬ ಅರ್ಥವೂ ಕೈಗೂಡುವುದು ಎಂಬ ಅರ್ಥವೂ ಇವೆ. ‘ಫಲಿತ’ ಎಂದರೆ ಕಾಯಿ ಬಿಟ್ಟದ್ದು, ಕೈಗೂಡಿದ್ದು. ‘ಅಂಶ’ ಎಂದರೆ ಪಾಲು. ಎರಡೂ ಸೇರಿದಾಗ ಸಿಗುವುದು ‘ಫಲಿಸಿದಷ್ಟು ಪಾಲು’ ಎಂಬ ಬಹಳ ವಿನಯದ ಪದ. ಫಲಿಸದೆ ಉಳಿದದ್ದೂ ಒಂದಿಷ್ಟು ಇರಬಹುದೆಂಬ ಒಪ್ಪಿಗೆ ಅದರ ಒಳಗೇ ಇದೆ. ಅದಕ್ಕೆ ‘ಶೇ. 100’ ಅಂಟಿಸಿದಾಗ ಪಾಲೇ ಇಡಿಯಾಗಿಬಿಡುತ್ತದೆ. (ಫಲಿತ ಜ್ಯೋತಿಷ ಎಂಬ ಪ್ರಯೋಗದಲ್ಲಿ ಇದೇ ‘ಫಲಿತ’ಕ್ಕೆ ಭವಿಷ್ಯ ನುಡಿಯುವುದೆಂಬ ಛಾಯೆ ಇದೆ. ಹನ್ನೆರಡನೆಯ ದಿನದ ಪ್ರಕಟಣೆ ಆ ಅರ್ಥದಲ್ಲಾದರೆ ಸರಿಯೇ ಇರಬಹುದು.)

ಹನ್ನೆರಡನೆಯ ದಿನಕ್ಕೆ ಒಪ್ಪುವ ಪದ ನಮ್ಮಲ್ಲಿ ಇಲ್ಲದಿದ್ದರೆ ಇಷ್ಟು ಬೇಸರಪಡುತ್ತಿರಲಿಲ್ಲ. ಕಸಿಕಟ್ಟಿದ ಮಾವಿನ ಗಿಡ ಕೆಲವು ವಾರಗಳಲ್ಲಿ ಚಿಗುರಿದರೆ ‘ಕಸಿ ಹಿಡಿಯಿತು’ ಎನ್ನುತ್ತೇವೆ. ಹಣ್ಣಿನ ಮಾತು ಬರುವುದು ಮೂರು ನಾಲ್ಕು ವರ್ಷಗಳ ಬಳಿಕ. ಚಿಗುರನ್ನು ತೋರಿಸಿ ‘ಫಲ ಬಂತು’ ಎನ್ನುವ ತೋಟಗಾರನನ್ನು ನಾನು ಕಂಡಿಲ್ಲ. ಪುನರ್ರಚನಾ ಶಸ್ತ್ರಚಿಕಿತ್ಸೆಯಲ್ಲಿಯೂ ಹೀಗೆಯೇ. ಕಣಕಾಲಿನ ತೆಳು ಮೂಳೆಯನ್ನು ಅದರ ರಕ್ತನಾಳಗಳ ಸಮೇತ ತೆಗೆದು, ಎರಡು ಮೂರು ಮಿಲಿಮೀಟರ್ ಅಗಲದ ಆ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ. ರಕ್ತ ಹೆಪ್ಪುಗಟ್ಟುವ ಭಯ ಮೊದಲ ಎರಡು ಮೂರು ದಿನಗಳಲ್ಲೇ ಹೆಚ್ಚು. ದಾದಿಯರು ಗಂಟೆಗೊಮ್ಮೆ ಕಸಿಯ ಬಣ್ಣ ನೋಡಿ, ಬಿಸಿ ಮುಟ್ಟಿ ಬರೆದಿಡುವುದು ಅದಕ್ಕಾಗಿ. ನುರಿತವರ ಕೈಯಲ್ಲಿ ನೂರರಲ್ಲಿ 95ಕ್ಕಿಂತ ಹೆಚ್ಚು ಕಸಿಗಳು ಹಿಡಿಯುತ್ತವೆ. ಇದು ಸಣ್ಣ ಸಾಧನೆಯಲ್ಲ, ಆದರೆ ಇದರ ಹೆಸರು ಕಸಿ ಹಿಡಿಯುವುದು.

ಆಮೇಲಿನದು ಬೇರೆ ಕಥೆ. ಅನೇಕರಿಗೆ ಆರು ವಾರಗಳಷ್ಟು ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಅದರಿಂದ ಜೊಲ್ಲು ಬತ್ತುತ್ತದೆ, ದವಡೆಯ ಸ್ನಾಯು ಬಿಗಿಯುತ್ತದೆ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆಯುವಂತಾದರೆ ಅದನ್ನು ತೊಂದರೆಯೆಂದೇ ಗಣಿಸುತ್ತಾರೆ. ದವಡೆಯೊಂದಿಗೆ ಅದರೊಳಗಿನ ನರವೂ ಹೋಗಿರುವುದರಿಂದ ಕೆಳತುಟಿಯ ಒಂದು ಬದಿಗೆ ಸ್ಪರ್ಶಜ್ಞಾನವಿರುವುದಿಲ್ಲ.

ನನ್ನ ಚಿಕ್ಕಪ್ಪನಿಗೆ ಈ ಶಸ್ತ್ರಚಿಕಿತ್ಸೆಯಾಗಿ ಐದು ವರ್ಷವಾಯಿತು. ಕ್ಯಾನ್ಸರ್ ಮರುಕಳಿಸಿಲ್ಲ, ಫೋಟೋದಲ್ಲಿ ಮುಖ ಚೆನ್ನಾಗಿಯೇ ಕಾಣುತ್ತದೆ. ಮದುವೆಯ ಊಟಕ್ಕೆ ಹೋದರೆ ಅವರು ಪಂಕ್ತಿಯ ಕೊನೆಯಲ್ಲಿ, ಗೋಡೆಯ ಪಕ್ಕದಲ್ಲಿ ಕೂರುತ್ತಾರೆ. ಸಾರು ಗಲ್ಲಕ್ಕೆ ಇಳಿದದ್ದು ತಮಗೆ ಗೊತ್ತಾಗದೆಂದು ಎಡಗೈಯಲ್ಲಿ ಬೈರಾಸು ಹಿಡಿದು, ಗೊತ್ತಾಗದಿದ್ದರೂ ಎರಡು ತುತ್ತಿಗೊಮ್ಮೆ ಒರೆಸಿಕೊಳ್ಳುತ್ತಾರೆ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ನೀರುದೋಸೆ ಸಲೀಸು. ಗರಿಗರಿ ಕೋರಿರೊಟ್ಟಿ ಮಾತ್ರ ಗಸಿಯಲ್ಲಿ ಪೂರ್ತಿ ನೆನೆಯಬೇಕು. “ಅಷ್ಟು ಮೆತ್ತಗಾದ ಮೇಲೆ ಅದು ಕೋರಿರೊಟ್ಟಿ ಅಲ್ಲ ಮಾರಾಯ” ಎಂದು ಅವರೇ ಹೇಳುವುದುಂಟು. ಆದರೂ ಬೆಳಿಗ್ಗೆ ತೋಟಕ್ಕೆ ನೀರು ಬಿಡುವುದು ಅವರೇ, ಮೂಳೆ ತೆಗೆದ ಕಾಲು ಅದಕ್ಕೆ ಅಡ್ಡಿ ಮಾಡಿಲ್ಲ. ಇವೆಲ್ಲವನ್ನೂ ಕೂಡಿಸಿ ಕಳೆದು ಬರುವುದಕ್ಕೆ ‘ಫಲಿತಾಂಶ’ ಎನ್ನಬೇಕು.

ಸೀಳುತುಟಿ, ಸೀಳು ಅಂಗುಳದ ಮಗುವಿನಲ್ಲಿ ಈ ಲೆಕ್ಕ ಇನ್ನೂ ದೀರ್ಘ: ತುಟಿಯ ಶಸ್ತ್ರಚಿಕಿತ್ಸೆಗೆ ಮೂರರಿಂದ ಆರನೆಯ ತಿಂಗಳು, ಅಂಗುಳಕ್ಕೆ ವರ್ಷದ ಆಸುಪಾಸು, ಒಸಡಿನ ಮೂಳೆಕಸಿಗೆ ಕೋರೆಹಲ್ಲು ಮೂಡುವ ಮುನ್ನ ಎಂಟರಿಂದ ಹನ್ನೊಂದು ವರ್ಷದೊಳಗೆ, ಅಗತ್ಯವಿದ್ದರೆ ದವಡೆ ಮೂಗುಗಳಿಗೆ ಬೆಳವಣಿಗೆ ಮುಗಿದ ಬಳಿಕ. ಸುಟ್ಟಗಾಯದ ಕಲೆ ಮಗುವಿನಷ್ಟು ವೇಗವಾಗಿ ಬೆಳೆಯುವುದಿಲ್ಲ, ಹಾಗಾಗಿ ಒಮ್ಮೆ ಬಿಡಿಸಿದ ಬಿಗಿತವನ್ನು ಮತ್ತೊಮ್ಮೆ ಬಿಡಿಸಬೇಕಾಗಬಹುದು. ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ, ಹಾಗಾಗಿ ಅಲ್ಲಿಯೂ ತಿಂಗಳುಗಟ್ಟಲೆ ಕಾಯಬೇಕು.

ಶಸ್ತ್ರಚಿಕಿತ್ಸೆ ಕೈಗೂಡಿದ್ದೇ ಫಲಿತಾಂಶವಲ್ಲ ಎಂಬುದನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ವೆಲ್ಲೂರಿನ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್ ಒಬ್ಬರು. ಕುಷ್ಠರೋಗದಿಂದ ಮುದುರಿದ ಬೆರಳುಗಳನ್ನು ಅವರು 1940ರ ದಶಕದ ಕೊನೆಯಿಂದ ಸ್ನಾಯುರಜ್ಜುಗಳನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳನ್ನು) ಸ್ಥಳಾಂತರಿಸಿ ನೇರ ಮಾಡತೊಡಗಿದರು. ಬೆರಳು ನೇರವಾದವರು ತಿರುಗಿ ಬಂದು, ಈ ಕೈಗೆ ಭಿಕ್ಷೆಯೂ ಸಿಗುತ್ತಿಲ್ಲ, ಕೆಲಸವನ್ನೂ ಯಾರೂ ಕೊಡುತ್ತಿಲ್ಲ ಎಂದರು. ಅಂಥವರಿಗಾಗಿ ಬ್ರ್ಯಾಂಡ್ ಮರಗೆಲಸ ಕಲಿಸುವ ವ್ಯವಸ್ಥೆ ಮಾಡಬೇಕಾಯಿತು. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಎಲ್ಲವೂ ಸರಿಯಿತ್ತು.

ಈಗ ಇಂಥದ್ದನ್ನು ರೋಗಿಯನ್ನೇ ಕೇಳಿ ಅಳೆಯುವ ಪ್ರಶ್ನಾವಳಿಗಳಿವೆ. ಸ್ತನ ಪುನರ್ರಚನೆಗಾಗಿ 2009ರಲ್ಲಿ ಪ್ರಕಟವಾದ ಬ್ರೆಸ್ಟ್-ಕ್ಯೂ ಹೆಚ್ಚು ಬಳಕೆಯಲ್ಲಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಮೊದಲ ಕೆಲವು ತಿಂಗಳು ಅಂಕ ಕುಸಿದು, ಸುಮಾರು ಒಂದು ವರ್ಷಕ್ಕೆ ಬಹುಮಟ್ಟಿಗೆ ಮೇಲೇಳುತ್ತದೆ. ಬಾಯಿ ಒಣಗುವ ತೊಂದರೆ ಮಾತ್ರ ಹಲವರಲ್ಲಿ ಉಳಿಯುತ್ತದೆ. ಈ ಪ್ರಶ್ನಾವಳಿಗಳು ಅಳೆಯುವುದನ್ನು ‘ಜೀವನದ ಗುಣಮಟ್ಟ’ ಎನ್ನುತ್ತೇವೆ. ಪತ್ರಿಕೆಗಳು ಇದನ್ನು ‘ಜೀವನಮಟ್ಟ’ ಎಂದು ಮೊಟಕುಗೊಳಿಸುತ್ತವೆ, ಅದು ಆದಾಯ, ಮನೆ, ಸೌಕರ್ಯಗಳ ಮಾತು. ‘ಗುಣಮಟ್ಟ’ವೂ ನನಗೆ ಗೇರುಬೀಜದ ಡಬ್ಬದ ಮೇಲಿನ ಪದದಂತೆಯೇ ಕೇಳಿಸುತ್ತದೆ, ಆದರೆ ರೂಢಿಯಾಗಿದೆ, ಇರಲಿ.

ಆ ಪ್ರಕಟಣೆಯ ಕೆಳಗೆ ಕೊಟ್ಟಿದ್ದ ವಿಳಾಸಕ್ಕೆ ‘ಫಲಿತಾಂಶ ಶೇ. 100’ ಎಂಬಲ್ಲಿ ‘ಕಸಿ ಚೆನ್ನಾಗಿ ಹಿಡಿದಿದೆ’ ಎಂದು ತಿದ್ದಬಹುದೆಂದು ಬರೆದೆ. ತಿಂಗಳ ಬಳಿಕ ಹೊಸ ಪ್ರಕಟಣೆ ಬಂತು. ಅದರಲ್ಲಿ ‘ಅಭೂತಪೂರ್ವ ಫಲಿತಾಂಶ’ ಎಂದಿತ್ತು.