ಸ್ತನ ಉಳಿಸುವುದೋ, ಪೂರ್ತಿ ತೆಗೆಯುವುದೋ: ‘ಎರಡೂ ಸಮ’ ಅಂದರೆ ಏನು?

ಆರಂಭದ ಹಂತದ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಎರಡು ಬಗೆ. ಗಡ್ಡೆ ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದರೆ ಲಂಪೆಕ್ಟಮಿ. ಇಡೀ ಸ್ತನ ತೆಗೆದರೆ ಮ್ಯಾಸ್ಟೆಕ್ಟಮಿ. ಮೆಡಿಕಲ್ ಪರೀಕ್ಷೆಯಲ್ಲಿ ಯಾವುದು ಮೇಲು ಅಂತ ಕೇಳಿದರೆ ಉತ್ತರ ಪತ್ರಿಕೆಯಲ್ಲಿ ‘ಎರಡೂ ಸಮ’ ಅಂತ ಬರೆದು ಮುಂದೆ ಹೋಗುವವರೇ ಜಾಸ್ತಿ. ನಾನೂ ಮೊದಲು ಹಾಗೇ ಬರೆದಿದ್ದೆ. ಯಾವುದರಲ್ಲಿ ಸಮ ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಸ್ವಲ್ಪ ಹಿನ್ನೆಲೆ. 19ನೇ ಶತಮಾನದ ಕೊನೆಯಲ್ಲಿ ಬಾಲ್ಟಿಮೋರ್‌ನ ಸರ್ಜನ್ ಹಾಲ್‌ಸ್ಟೆಡ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಕ್ಯಾನ್ಸರ್ ಹೆಜ್ಜೆ ಹೆಜ್ಜೆಯಾಗಿ ಹೊರಕ್ಕೆ ಹರಡುತ್ತದೆ, ಅಗಲವಾಗಿ ಕತ್ತರಿಸಿದಷ್ಟೂ ಒಳ್ಳೆಯದು ಅನ್ನುವುದು ಅವರ ನಂಬಿಕೆ. ಆಮೇಲೆ 20ನೇ ಶತಮಾನದಲ್ಲಿ ಪಿಟ್ಸ್‌ಬರ್ಗ್‌ನ ಸರ್ಜನ್ ಬರ್ನಾರ್ಡ್ ಫಿಶರ್ ಇದನ್ನು ಒಪ್ಪಲಿಲ್ಲ. ಕೆಲವರಲ್ಲಿ ಗಡ್ಡೆ ಕೈಗೆ ಸಿಗುವ ಹೊತ್ತಿಗೇ ಕ್ಯಾನ್ಸರ್ ಕಣಗಳು ರಕ್ತ ಸೇರಿರುತ್ತವೆ, ಆಮೇಲೆ ಸ್ತನ ಎಷ್ಟು ಕತ್ತರಿಸಿದರೂ ಅವು ಸಿಗುವುದಿಲ್ಲ ಅಂದರು.

ಅದನ್ನು ಪರೀಕ್ಷಿಸಲು ಅವರ ಬಿ-06 ಹೆಸರಿನ ಪ್ರಯೋಗ 1976ರಲ್ಲಿ ಶುರುವಾಯಿತು. ಗಡ್ಡೆ 4 ಸೆಂ.ಮೀ. ಒಳಗಿದ್ದ ಮಹಿಳೆಯರ ಮೂರು ಗುಂಪು: ಮ್ಯಾಸ್ಟೆಕ್ಟಮಿ, ಬರೀ ಲಂಪೆಕ್ಟಮಿ, ಲಂಪೆಕ್ಟಮಿ ಜೊತೆ ರೇಡಿಯೇಷನ್. 20 ವರ್ಷದ ನಂತರ ಬದುಕಿದ್ದವರು ಶೇ. 47, 46, 46. ಬದುಕುಳಿಯುವುದರಲ್ಲಿ ಸಮ ಅನ್ನುವುದು ಇದಕ್ಕೇ. ಆದರೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮತ್ತೆ ಬಂದದ್ದು ನೋಡಿ. ರೇಡಿಯೇಷನ್ ಕೊಟ್ಟವರಲ್ಲಿ ಶೇ. 14.3, ಕೊಡದವರಲ್ಲಿ ಶೇ. 39.2. ಎಷ್ಟು ದೊಡ್ಡ ಅಂತರ ಅಲ್ವಾ?

ಇಟಲಿಯ ಮಿಲಾನ್‌ನಲ್ಲಿ ಸರ್ಜನ್ ವೆರೊನೇಸಿ 701 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ಕಥೆಯೂ ಇದೇ. ಸ್ತನ ಉಳಿಸಿಕೊಂಡವರಲ್ಲಿ 30 ಮಂದಿಗೆ ಅಲ್ಲೇ ಮತ್ತೆ ಬಂತು, ಪೂರ್ತಿ ತೆಗೆಸಿಕೊಂಡವರಲ್ಲಿ 8 ಮಂದಿಗೆ. 20 ವರ್ಷದ ಸಾವಿನ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಒಂದೇ.

ಹಾಗಾದರೆ ರೇಡಿಯೇಷನ್‌ನಿಂದ ಸಾವು ತಪ್ಪುವುದೇ ಇಲ್ಲವಾ? ತಪ್ಪುತ್ತದೆ, ಸ್ವಲ್ಪ. 17 ಪ್ರಯೋಗಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ, ಲಂಪೆಕ್ಟಮಿ ನಂತರ ರೇಡಿಯೇಷನ್ ಕೊಟ್ಟಾಗ 15 ವರ್ಷದಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ. 25.2ರಿಂದ 21.4ಕ್ಕೆ ಇಳಿಯಿತು. ಒಂದೇ ಪ್ರಯೋಗದಲ್ಲಿ ಕಾಣದ ಸಣ್ಣ ಲಾಭ ದೊಡ್ಡ ಲೆಕ್ಕದಲ್ಲಿ ಕಂಡಿತು.

ಲಂಪೆಕ್ಟಮಿ ಮಾಡುವಾಗ ಆಪರೇಷನ್ ಥಿಯೇಟರ್‌ನಲ್ಲಿ ಗಮನಿಸಬೇಕಾದ್ದು ದಾರ. ತೆಗೆದ ತುಂಡಿನ ಮೇಲ್ಬದಿಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ ಕಟ್ಟುವುದು ರೂಢಿ. ಪೆಥಾಲಜಿಸ್ಟ್ ಅದನ್ನು ನೋಡಿ ದಿಕ್ಕು ಗುರುತಿಸಿ, ಮೇಲ್ಮೈಗೆಲ್ಲ ಶಾಯಿ ಬಳಿಯುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಶಾಯಿಗೆ ಕ್ಯಾನ್ಸರ್ ತಾಗಿರದಿದ್ದರೆ ಅಂಚು ಶುಭ್ರ. ಹಾಲಿನ ನಾಳ ದಾಟಿ ಹೊರಬಂದ ಕ್ಯಾನ್ಸರ್‌ಗೆ ಇಷ್ಟು ಸಾಕು. ತಾಗಿದ್ದರೆ ಯಾವ ಬದಿ ಅಂತ ದಾರವೇ ಹೇಳುತ್ತದೆ, ಅಲ್ಲಿ ಮಾತ್ರ ಮತ್ತೆ ತೆಗೆಯಬಹುದು.

ಮತ್ತೆ ಮತ್ತೆ ತೆಗೆದರೂ ಅಂಚು ಶುಭ್ರವಾಗದಿದ್ದರೆ, ಮ್ಯಾಮೊಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಕ್ಯಾನ್ಸರ್ ಅನುಮಾನ ತರುವ ಕ್ಯಾಲ್ಸಿಯಂ ಕಣಗಳು ಇಡೀ ಸ್ತನದಲ್ಲಿ ಹರಡಿದ್ದರೆ ಮ್ಯಾಸ್ಟೆಕ್ಟಮಿ ಕಡೆ ಹೋಗಬೇಕಾಗುತ್ತದೆ. ಎದೆಗೆ ಹಿಂದೆ ರೇಡಿಯೇಷನ್ ಆಗಿದ್ದರೂ ಸಾಮಾನ್ಯವಾಗಿ ಹಾಗೇ. ಗಡ್ಡೆ ದೊಡ್ಡದು ಅನ್ನುವುದೊಂದೇ ಕಾರಣ ಸಾಲದು, ಮೊದಲು ಕೀಮೋ ಕೊಟ್ಟು ಕುಗ್ಗಿಸುವ ದಾರಿ ಇದೆ. ಇನ್ನೊಂದು ತಪ್ಪು: ‘ಪೂರ್ತಿ ತೆಗೆದರೆ ರೇಡಿಯೇಷನ್ ಬೇಡ.’ ಕಂಕುಳಿನ 4 ಅಥವಾ ಹೆಚ್ಚು ಗ್ರಂಥಿಗಳಿಗೆ ಹರಡಿದ್ದರೆ ಮ್ಯಾಸ್ಟೆಕ್ಟಮಿ ನಂತರವೂ ಬೇಕಾಗುತ್ತದೆ.

ನಮ್ಮ ಕಡೆ ಜನ ರೇಡಿಯೇಷನ್‌ಗೆ ‘ಕರೆಂಟ್ ಕೊಡೋದು’ ಅಂತಾರೆ. ಹಿಂದೆ ಇದಕ್ಕೆ 5 ವಾರ ಓಡಾಡಬೇಕಿತ್ತು. ಈಗ 3 ವಾರದಲ್ಲಿ 15 ಸಲ ಕೊಡುವುದು ಸಾಮಾನ್ಯ. 5 ಸಲದಲ್ಲೇ ಮುಗಿಸುವ ಕ್ರಮವನ್ನೂ ಬ್ರಿಟನ್‌ನ ಫಾಸ್ಟ್-ಫಾರ್ವರ್ಡ್ ಪ್ರಯೋಗ 2020ರಲ್ಲಿ ತೋರಿಸಿತು. ದೂರದ ಹಳ್ಳಿಯಿಂದ ಬರುವ ಹೆಂಗಸಿಗೆ ಸ್ತನ ಉಳಿಯುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಸಲ ಈ ದಿನಗಳ ಲೆಕ್ಕದ ಮೇಲೇ ನಿಲ್ಲುತ್ತದೆ. ಅದಕ್ಕೇ ಕೇಸ್ ಶೀಟ್‌ನಲ್ಲಿ ಗಡ್ಡೆಯ ಅಳತೆಯ ಕೆಳಗೆ ನಾನು ಇನ್ನೊಂದು ಸಾಲು ಬರೆಯುತ್ತೇನೆ: ರೇಡಿಯೇಷನ್ ಮಷಿನ್ ಇರುವ ಊರು ಎಷ್ಟು ದೂರ, ಜೊತೆಗೆ ಯಾರು ಬರುತ್ತಾರೆ.